ಒಂದು ಗೀರು, ನಾಲ್ಕು ಪ್ಯಾನೆಲ್

ರಾತ್ರಿ ಮನೆ ಮುಂದೆ ನಿಲ್ಲಿಸಿದ ಕಾರಿನ ಮೈಮೇಲೆ ಬೆಳಿಗ್ಗೆ ಉದ್ದನೆಯ ಗೀರು ಕಂಡರೆ, ಅದು ಆಕಸ್ಮಿಕವೋ ಯಾರೋ ಬೇಕೆಂದೇ ಎಳೆದದ್ದೋ ಎಂಬುದನ್ನು ಗೀರೇ ಹೇಳುತ್ತದೆ. ಬೈಕಿನ ಹ್ಯಾಂಡಲ್ ತಾಗಿದ ಗುರುತು ಗಿಡ್ಡದು, ಅದರ ಜೊತೆಗೆ ಸಣ್ಣ ತಗ್ಗೂ ಇರುತ್ತದೆ. ಗೇಟು ಉಜ್ಜಿದ್ದರೆ ಅಗಲವಾದ ಪಟ್ಟೆ ಮೂಡುತ್ತದೆ. ಬೀಗದ ಕೈಯನ್ನೋ ನಾಣ್ಯವನ್ನೋ ಒತ್ತಿ ಹಿಡಿದು ನಡೆದುಕೊಂಡು ಹೋದವನ ಗೀರು ಮುಂದಿನ ಫೆಂಡರ್‌ನಲ್ಲಿ ಶುರುವಾಗಿ, ಎರಡೂ ಬಾಗಿಲು ದಾಟಿ, ಹಿಂದಿನ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲ್‌ವರೆಗೆ ಅಲೆಯಾಡುತ್ತ ಸಾಗುತ್ತದೆ. ಗ್ಯಾರೇಜಿನ ಬಿಲ್ಲಿನಲ್ಲಿ ಅದು ಒಂದು ಗೀರಾಗಿ ಉಳಿಯುವುದಿಲ್ಲ, ನಾಲ್ಕು ಪ್ಯಾನೆಲ್ ಆಗುತ್ತದೆ.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಮೂವತ್ತು–ನಲವತ್ತರ ಸೈಟಿನಲ್ಲಿ ಮೂರು ಮಹಡಿ ಎದ್ದ ಮೇಲೆ ಕಾರುಗಳಿಗೆ ಉಳಿಯುವುದು ರಸ್ತೆಯೇ. ಗೇಟಿನ ಮುಂದೆ ನಿಲ್ಲಿಸಿದ ಜಗಳ, ನೆರಳಿನ ಜಾಗದ ಜಗಳ, ನೋ ಪಾರ್ಕಿಂಗ್ ಬೋರ್ಡಿನ ಜಗಳ ಮಾತಿನಲ್ಲಿ ಮುಗಿಯದಿದ್ದಾಗ ಕೆಲವರ ಸಿಟ್ಟು ಬೀಗದ ಕೈಗೆ ಇಳಿಯುತ್ತದೆ. ಪತ್ರಿಕೆಗಳು ‘ಕಿಡಿಗೇಡಿಗಳ ಕೃತ್ಯ’ ಎಂದು ಬರೆಯುವ ಇದರ ಹಿಂದಿನ ಮನಸ್ಸಿನ ವಿಚಾರ ಬೇರೆ. ಇಲ್ಲಿ ಹೇಳಬೇಕಿರುವುದು ಗೀರು ಬಿದ್ದ ಮೇಲಿನ ಮಾತು. ಸಿಟ್ಟು, ಅವಮಾನ ಎರಡೂ ಸೇರಿ ಮಾಲೀಕರು ಅಂದೇ ‘ಇಡೀ ಸೈಡು ಪೇಂಟ್ ಹೊಡೆದುಬಿಡಿ’ ಎಂದು ಹೇಳಿ ಬರುವುದುಂಟು. ಬಹಳ ಸಲ ಕಾರಿಗೆ ಆಗುವ ದೊಡ್ಡ ನಷ್ಟ ಆ ಮಾತಿನಿಂದಲೇ. ಕಾರ್ಖಾನೆಯಲ್ಲಿ ಬಂದ ಬಣ್ಣವನ್ನು ಒಮ್ಮೆ ಉಜ್ಜಿ ತೆಗೆದರೆ ಅಂಥದ್ದನ್ನು ಮತ್ತೆ ಹಾಕಲು ಯಾವ ಗ್ಯಾರೇಜಿಗೂ ಆಗುವುದಿಲ್ಲ.

ಯಾಕೆ ಆಗುವುದಿಲ್ಲ ಎಂದು ತಿಳಿಯಲು ಬಣ್ಣದ ಪದರಗಳನ್ನು ನೋಡಬೇಕು. ಕಾರ್ಖಾನೆಯಲ್ಲಿ ಕಾರಿನ ಬರಿಯ ಉಕ್ಕಿನ ದೇಹವನ್ನು ಮೊದಲು ತೊಳೆದು, ಸತುವಿನ ಫಾಸ್ಫೇಟ್ ಲೇಪ ಕೊಟ್ಟು, ಬಳಿಕ ಇಡಿಯಾಗಿ ಒಂದು ದ್ರವದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುತ್ತಾರೆ. ತೊಟ್ಟಿಯಲ್ಲಿರುವ ಪ್ರೈಮರ್ ಕಣಗಳು ಉಕ್ಕಿನ ಮೂಲೆಮೂಲೆಗೂ, ಬಾಗಿಲಿನ ಒಳಮಡಿಕೆಗಳಿಗೂ ಹೋಗಿ ಅಂಟಿಕೊಳ್ಳುತ್ತವೆ. ತುಕ್ಕಿನಿಂದ ಕಾರನ್ನು ಕಾಯುವ ಮುಖ್ಯ ಪದರ ಇದೇ. ದಪ್ಪ ಸುಮಾರು 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗ. ಅದರ ಮೇಲೆ 30ರಿಂದ 40 ಮೈಕ್ರಾನಿನ ಸರ್ಫೇಸರ್, ಅದರ ಮೇಲೆ 15–20 ಮೈಕ್ರಾನಿನ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ 40 ಮೈಕ್ರಾನಿನ ಆಸುಪಾಸಿನ ಕ್ಲಿಯರ್ ಕೋಟ್. ನಮ್ಮ ಕಣ್ಣಿಗೆ ಕಾಣುವ ಕೆಂಪೋ ನೀಲಿಯೋ ಆ ತೆಳ್ಳಗಿನ ಬೇಸ್ ಕೋಟಿನಲ್ಲಿ ಮಾತ್ರ ಇರುತ್ತದೆ. ಹೊಳಪು ಕ್ಲಿಯರ್‌ನದು, ಅದಕ್ಕೆ ಬಣ್ಣವೇ ಇಲ್ಲ. ಎಲ್ಲ ಸೇರಿದರೂ ಜೆರಾಕ್ಸ್ ಅಂಗಡಿಯ ಒಂದು ಎ4 ಹಾಳೆಯ ದಪ್ಪಕ್ಕಿಂತ ತುಸುವೇ ಹೆಚ್ಚು.

ಈ ಪದರಗಳನ್ನು ಗಟ್ಟಿ ಮಾಡುವುದು ಶಾಖ. ತಳದ ಪ್ರೈಮರನ್ನು 160 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖದಲ್ಲಿ, ಮೇಲಿನ ಕ್ಲಿಯರನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಆಗ ಕಾರಿನಲ್ಲಿ ಸೀಟಿಲ್ಲ, ವೈರಿಲ್ಲ, ರಬ್ಬರಿಲ್ಲ, ಪೆಟ್ರೋಲಿಲ್ಲ. ರಸ್ತೆಗೆ ಬಂದ ಕಾರನ್ನು ಅಷ್ಟು ಶಾಖದಲ್ಲಿಟ್ಟರೆ ಡ್ಯಾಶ್‌ಬೋರ್ಡು ಕರಗಿ ಹೋದೀತು. ಅದಕ್ಕೇ ದುರಸ್ತಿಯ ಬೂತ್‌ಗಳಲ್ಲಿ 60 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸುತ್ತಾರೆ, ಬೂತ್ ಇಲ್ಲದ ಕಡೆ ಬಿಸಿಲಿಗೆ ಬಿಡುತ್ತಾರೆ. ಶಾಖ ಮಾಡಬೇಕಿದ್ದ ಕೆಲಸವನ್ನು ಅಲ್ಲಿ ಹಾರ್ಡ್ನರ್ ಎಂಬ ರಾಸಾಯನಿಕ ಮಾಡುತ್ತದೆ. ಒಳ್ಳೆಯ ಕೈ ಮಾಡಿದ ರಿಪೇರಿ ಹಲವು ವರ್ಷ ಬಾಳುತ್ತದೆ, ಅನುಮಾನವಿಲ್ಲ. ಆದರೂ ವಿದ್ಯುತ್ತಿನ ತೊಟ್ಟಿಯಲ್ಲಿ ಮುಳುಗಿ ಬಂದ ಆ ತಳಪದರವನ್ನು ಸ್ಪ್ರೇ ಗನ್ನಿನಿಂದ ಹೊಡೆಯಲು ಬರುವುದಿಲ್ಲ.

ಹಾಗಾಗಿ ಮೊದಲ ಪ್ರಶ್ನೆ ಗೀರು ಎಷ್ಟು ಉದ್ದ ಎಂಬುದಾಗಬಾರದು, ಎಷ್ಟು ಆಳ ಎಂಬುದಾಗಬೇಕು. ಕಾರನ್ನು ತೊಳೆದು, ಬೆರಳಿನ ಉಗುರನ್ನು ಗೀರಿಗೆ ಅಡ್ಡವಾಗಿ ಮೆಲ್ಲನೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಗೀರು ಕ್ಲಿಯರ್ ಕೋಟಿನೊಳಗೇ ನಿಂತಿದೆ. ಸಿಕ್ಕಿಕೊಂಡರೆ ಕೆಳಗೆ ಇಳಿದಿದೆ. ಆಮೇಲೆ ಬಣ್ಣ ನೋಡಿ. ತಳದಲ್ಲಿ ಬೂದಿಯೋ ಮಾಸಲು ಬಿಳಿಯೋ ಕಂಡರೆ ಪ್ರೈಮರ್‌ವರೆಗೆ ಹೋಗಿದೆ, ಬೆಳ್ಳಗೆ ಫಳಫಳ ಹೊಳೆದರೆ ಅದು ಉಕ್ಕು. ಮತ್ತೊಂದು ಪರೀಕ್ಷೆ ನೀರಿನದು. ಒದ್ದೆ ಮಾಡಿದಾಗ ಕಾಣೆಯಾಗಿ ಒಣಗಿದಾಗ ಮತ್ತೆ ಬಿಳಿಯಾಗಿ ಏಳುವ ಗೀರು ಮೇಲ್ಪದರದ್ದು.

ಈ ಬಿಳುಪಿನ ಗುಟ್ಟು ತಿಳಿದವರು ಮೊಬೈಲಿನಲ್ಲಿ ಹರಿದಾಡುವ ಮಾಯದ ಚಿಕಿತ್ಸೆಗಳಿಗೆ ಮರುಳಾಗುವುದಿಲ್ಲ. ಕ್ಲಿಯರ್ ಕೋಟಿಗೆ ಬಣ್ಣವಿಲ್ಲ, ಗೀರಿಗೂ ಬಣ್ಣವಿಲ್ಲ. ಗೀರಿನ ಒರಟು ಅಂಚುಗಳಿಗೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದುರುವುದರಿಂದ ನಮಗೆ ಅದು ಬಿಳಿಯಾಗಿ ಕಾಣುತ್ತದೆ. ಅಲ್ಲಿ ನೀರು ತುಂಬಿದರೆ ಬೆಳಕು ಚದುರುವುದು ಕಡಿಮೆಯಾಗುತ್ತದೆ. ಎಣ್ಣೆ ತುಂಬಿದರೆ ಇನ್ನೂ ಕಡಿಮೆ, ಯಾಕೆಂದರೆ ಎಣ್ಣೆ ಬೆಳಕನ್ನು ಬಾಗಿಸುವ ಪ್ರಮಾಣ ಕ್ಲಿಯರ್‌ನ ಪ್ರಮಾಣಕ್ಕೆ ತೀರಾ ಹತ್ತಿರ. ತೆಂಗಿನೆಣ್ಣೆಯೋ ಸ್ಪ್ರೇ ಎಣ್ಣೆಯೋ ಸವರಿದಾಗ ಗೀರು ಮಾಯವಾಗುವುದು, ಎರಡು ಸಲ ತೊಳೆದ ಮೇಲೆ ಮರಳಿ ಬರುವುದು ಇದರಿಂದಲೇ. ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಸ್ವಲ್ಪ ಇದೆ ನಿಜ. ಹಲ್ಲಿಗಾಗಿ ಮಾಡಿದ ಆ ಪುಡಿ ಬಣ್ಣದ ಮೇಲೆ ಹೊಸ ಮಸುಕನ್ನೂ ತರಬಹುದು.

ಮೇಲ್ಪದರದ ಗೀರಿಗೆ ನಿಜವಾದ ಮದ್ದು ರಬ್ಬಿಂಗ್. 2000 ಅಥವಾ 3000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಮೆಲ್ಲನೆ ಉಜ್ಜಿ, ಗೀರಿನ ಅಂಚನ್ನು ಸುತ್ತಲಿನ ಮಟ್ಟಕ್ಕೆ ತಂದು, ಆಮೇಲೆ ಮಷೀನಿನಲ್ಲಿ ಕಂಪೌಂಡ್, ಕೊನೆಗೆ ಪಾಲಿಶ್. ಇಲ್ಲಿ ಗೀರು ತುಂಬಿಕೊಳ್ಳುವುದಿಲ್ಲ, ಗೀರಿನ ತಳದವರೆಗೆ ಸುತ್ತಲಿನ ಕ್ಲಿಯರೇ ತೆಳುವಾಗುತ್ತದೆ. ಇರುವುದೇ 40 ಮೈಕ್ರಾನ್, ಪ್ರತಿ ಸಲ ಕೆಲವು ಮೈಕ್ರಾನ್ ಹೋಗುತ್ತದೆ. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವ ಅಂಶ ಇರುವುದೂ ಆ ಪದರದಲ್ಲೇ. ಆದ್ದರಿಂದ ಸರ್ವಿಸ್‌ಗೆ ಬಿಟ್ಟಾಗಲೆಲ್ಲ ‘ಒಂದು ರಬ್ಬಿಂಗ್ ಮಾಡಿಸಿ ಸಾರ್’ ಎಂದರೆ ಒಪ್ಪಬೇಡಿ. ಪದರದ ದಪ್ಪ ಅಳೆಯುವ ಸಣ್ಣ ಯಂತ್ರವಿರುತ್ತದೆ, ಒಳ್ಳೆಯ ಪಾಲಿಶ್ ಕೆಲಸಗಾರರು ಅದನ್ನು ಇಟ್ಟು ನೋಡಿಯೇ ಕೈ ಹಚ್ಚುತ್ತಾರೆ. ದುರುದ್ದೇಶವಿಲ್ಲದ ಗೀರುಗಳೂ ಈ ಗುಂಪಿಗೇ ಸೇರುತ್ತವೆ. ಧೂಳು ಕೂತ ಬಾನೆಟ್ಟಿನ ಮೇಲೆ ಮಕ್ಕಳು ಬೆರಳಿನಿಂದ ಹೆಸರು ಬರೆಯುತ್ತಾರಲ್ಲ, ಧೂಳಿನಲ್ಲಿರುವ ಮರಳಿನ ಕಣ ಕ್ಲಿಯರ್ ಕೋಟಿಗಿಂತ ಎಷ್ಟೋ ಗಟ್ಟಿ. ತೊಳೆದ ಮೇಲೂ ಆ ಹೆಸರು ಬಿಸಿಲಿನಲ್ಲಿ ಓದಲು ಸಿಗುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಬೆಳಿಗ್ಗೆ ಒಣಬಟ್ಟೆಯಲ್ಲಿ ಕಾರು ಒರೆಸುವ ಪದ್ಧತಿಯೂ ಹೀಗೆಯೇ ದಿನದಿನವೂ ಸಣ್ಣ ಸಣ್ಣ ಗೀರು ಕೂಡಿಸುತ್ತದೆ.

ಉಕ್ಕು ಕಾಣುವ ಗೀರಿಗೆ ಕಾಯಲು ಹೊತ್ತಿಲ್ಲ. ಈಚಿನ ಅನೇಕ ಕಾರುಗಳ ಹೊರತಗಡಿಗೆ ಸತುವಿನ ಲೇಪ ಇರುವುದರಿಂದ ತುಕ್ಕು ಕೂಡಲೇ ಹಿಡಿಯದಿರಬಹುದು. ಆದರೆ ಉಪ್ಪುಗಾಳಿಯ ಮಂಗಳೂರು, ಉಡುಪಿ, ಕಾರವಾರದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಮಲೆನಾಡಿನ ಜಡಿಮಳೆಯಲ್ಲಂತೂ ಗೀರಿನ ಅಂಚಿನಿಂದ ನೀರು ಬಣ್ಣದ ಅಡಿಗೆ ನುಗ್ಗಿ, ಮೇಲೆ ಗುಳ್ಳೆ ಏಳುವ ಹೊತ್ತಿಗೆ ತುಕ್ಕು ಗೀರಿಗಿಂತ ಎಷ್ಟೋ ಅಗಲಕ್ಕೆ ಹರಡಿರುತ್ತದೆ. ಗ್ಯಾರೇಜಿಗೆ ಹೋಗಲು ತಡವಾಗುವುದಾದರೆ ಗೀರನ್ನು ತೊಳೆದು ಪೂರ್ತಿ ಒಣಗಿಸಿ, ಕಂಪನಿಯ ಟಚ್-ಅಪ್ ಬಣ್ಣವನ್ನು ಸಣ್ಣ ಕಡ್ಡಿಯ ತುದಿಯಿಂದ ಗೀರಿನೊಳಗೆ ಮಾತ್ರ ಇಳಿಸಿ. ಅದೂ ಸಿಗದಿದ್ದರೆ ಮನೆಯಲ್ಲಿರುವ ಬಣ್ಣವಿಲ್ಲದ ಉಗುರುಬಣ್ಣವೂ ತಾತ್ಕಾಲಿಕವಾಗಿ ನೀರು ತಡೆದೀತು. ಇದು ಹಿತ್ತಲ ಮದ್ದಿನಂತೆ ಕಂಡರೂ ಹಿಂದೆ ಇತಿಹಾಸವಿದೆ. ಉಗುರುಬಣ್ಣ ನೈಟ್ರೊಸೆಲ್ಯುಲೋಸ್ ಎಂಬ ವಸ್ತುವಿನದು. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಜನರಲ್ ಮೋಟರ್ಸ್ ಕಾರುಗಳಿಗಾಗಿ ತಂದ ಡ್ಯೂಕೋ ಬಣ್ಣವೂ ಅದೇ ವಸ್ತುವಿನದು. ಅದುವರೆಗೆ ವಾರಗಟ್ಟಲೆ ಒಣಗಬೇಕಿದ್ದ ಕಾರಿನ ಬಣ್ಣ ಗಂಟೆಗಳಲ್ಲಿ ಒಣಗುವಂತಾದದ್ದು ಅದರಿಂದ. ನಮ್ಮ ಹಳೆಯ ಗ್ಯಾರೇಜುಗಳಲ್ಲಿ ಇಂದಿಗೂ ಕಾರಿನ ಪೇಂಟಿಂಗ್ ಎಂದರೆ ‘ಡ್ಯೂಕೋ’ ಎನ್ನುವವರಿದ್ದಾರೆ.

ಆಳದ ಗೀರಿನ ಪೂರ್ಣ ರಿಪೇರಿ ಟಿಂಕರಿಂಗ್–ಪೇಂಟಿಂಗ್ ಶೆಡ್ಡಿನ ಕೆಲಸ. ಗೀರಿನ ಎರಡೂ ಬದಿಯನ್ನು ಒರಟು ಪೇಪರಿನಿಂದ ಇಳಿಜಾರಾಗಿ ಉಜ್ಜಬೇಕು, ಮೆಟ್ಟಿಲು ಉಳಿದರೆ ಮುಂದೆ ಬಿಸಿಲಿನಲ್ಲಿ ಗೆರೆ ಎದ್ದು ಕಾಣುತ್ತದೆ. ಬರಿಯ ಉಕ್ಕಿಗೆ ಎಪಾಕ್ಸಿ ಪ್ರೈಮರ್ ಬೀಳಬೇಕು. ತಗ್ಗು ಉಳಿದಿದ್ದರೆ ತೆಳ್ಳಗೆ ಪುಟ್ಟಿ, ಅದರ ಮೇಲೆ ಸರ್ಫೇಸರ್, ಮತ್ತೆ ವಾಟರ್ ಪೇಪರ್, ಆಮೇಲೆ ಬಣ್ಣ. ಗಡಿಬಿಡಿಯ ಕೆಲಸದಲ್ಲಿ ಬಿಟ್ಟುಹೋಗುವುದು ಆ ಎಪಾಕ್ಸಿ ಪ್ರೈಮರ್. ಪುಟ್ಟಿ ನೀರನ್ನು ಹೀರಿಕೊಳ್ಳುತ್ತದೆ. ಪ್ರೈಮರ್ ಇಲ್ಲದ ಉಕ್ಕಿನ ಮೇಲೆ ಪುಟ್ಟಿ ಬಳಿದು ಚೆಂದ ಮಾಡಿದರೆ ಮುಂದಿನ ಮಳೆಗಾಲದವರೆಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಬಂಪರ್ ಪ್ಲಾಸ್ಟಿಕ್ಕಿನದು, ತುಕ್ಕಿನ ಭಯವಿಲ್ಲ. ಅಲ್ಲಿನ ಗೀರನ್ನು ಮನಸ್ಸು ಒಪ್ಪಿದರೆ ಹಾಗೇ ಬಿಟ್ಟುಬಿಡಬಹುದು.

ಹವಾಮಾನವೂ ಪೇಂಟರನ ಜೊತೆ ಕೆಲಸ ಮಾಡುತ್ತದೆ, ಇಲ್ಲವೇ ಎದುರು ನಿಲ್ಲುತ್ತದೆ. ತೇವದ ಗಾಳಿಯಲ್ಲಿ ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಅದರ ಮೇಲೆ ನೀರಿನ ಪಸೆ ಕೂತರೆ ಹೊಳಪು ಮಸುಕಾಗುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ತೊಂದರೆ ತಿರುಗುಮುರುಗು. ಗನ್ನಿನಿಂದ ಹೊರಟ ಹನಿ ಪ್ಯಾನೆಲ್ ಮುಟ್ಟುವ ಮೊದಲೇ ಅರೆ ಒಣಗಿ ಮೇಲ್ಮೈ ಮರಳುಮರಳಾಗುತ್ತದೆ. ಅಲ್ಲಿನ ಅನುಭವಿಗಳು ನಿಧಾನಕ್ಕೆ ಆರುವ ಥಿನ್ನರ್ ಬಳಸುತ್ತಾರೆ, ಬೆಳಗಿನ ತಂಪಿನಲ್ಲೇ ಕ್ಲಿಯರ್ ಹೊಡೆದು ಮುಗಿಸುತ್ತಾರೆ.

ಇಡೀ ಕಸುಬಿನಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಬಣ್ಣ ಹೊಂದಿಸುವ ಕೆಲಸ. ಪ್ರತಿ ಕಾರಿಗೂ ಕಲರ್ ಕೋಡ್ ಇದೆ, ಬಾಗಿಲಿನ ಚೌಕಟ್ಟಿನಲ್ಲೋ ಬಾನೆಟ್ಟಿನ ಅಡಿಯ ತಗಡಿನಲ್ಲೋ ಅದನ್ನು ನಮೂದಿಸಿರುತ್ತಾರೆ. ಆ ಕೋಡಿನ ಸೂತ್ರದಂತೆ ಗ್ರಾಂ ಲೆಕ್ಕದಲ್ಲಿ ತೂಗಿ ಬಣ್ಣ ಬೆರೆಸುತ್ತಾರೆ. ಅಷ್ಟಕ್ಕೇ ಬಣ್ಣ ಹೊಂದಿದರೆ ಈ ಕಸುಬು ಸುಲಭವಾಗುತ್ತಿತ್ತು. ಕೋಡು ಹೇಳುವುದು ಕಾರು ಹುಟ್ಟಿದ ದಿನದ ಬಣ್ಣವನ್ನು. ಐದು ವರ್ಷ ರಸ್ತೆಬದಿಯ ಬಿಸಿಲು ಕುಡಿದ ಕೆಂಪು ಆ ಕೆಂಪಾಗಿ ಉಳಿದಿರುವುದಿಲ್ಲ. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂನ ಸಣ್ಣ ಚಕ್ಕೆಗಳಿರುತ್ತವೆ. ಗನ್ನಿನ ಗಾಳಿ ಹೆಚ್ಚಿ ಬಣ್ಣ ಒಣಗಲಾಗಿ ಬಿದ್ದರೆ ಚಕ್ಕೆಗಳು ಚಪ್ಪಟೆ ಮಲಗಿ ಬಣ್ಣ ತಿಳಿಯಾಗಿ ಕಾಣುತ್ತದೆ. ಒದ್ದೆಯಾಗಿ ಬಿದ್ದರೆ ಚಕ್ಕೆಗಳು ಓರೆಕೋರೆಯಾಗಿ ನಿಂತು ಬಣ್ಣ ಗಾಢವಾಗುತ್ತದೆ. ಒಂದೇ ಡಬ್ಬಿ, ಒಂದೇ ಗನ್, ಇಬ್ಬರು ಪೇಂಟರ್‌ಗಳು ಹೊಡೆದರೆ ಎರಡು ಬಣ್ಣ. ಮುತ್ತಿನ ಬಿಳಿ ಇನ್ನೂ ಕಷ್ಟ. ಅದರಲ್ಲಿ ಬಿಳಿಯ ಮೇಲೆ ಮುತ್ತಿನ ಪದರ, ಅದರ ಮೇಲೆ ಕ್ಲಿಯರ್, ಒಟ್ಟು ಮೂರು ಹಂತ. ಮಧ್ಯದ ಪದರ ಒಂದು ಸುತ್ತು ಹೆಚ್ಚಾದರೂ ಬಾಗಿಲು ಬೇರೆ ಕಾರಿನದೆಂಬಂತೆ ಕಾಣುತ್ತದೆ.

ಅದಕ್ಕೇ ಕಸುಬು ಬಲ್ಲವರು ಹೊಸ ಬಣ್ಣವನ್ನು ಮೊದಲು ಒಂದು ತಗಡಿನ ತುಂಡಿಗೆ ಹೊಡೆದು, ಕ್ಲಿಯರ್ ಹಾಕಿ ಒಣಗಿಸಿ, ಕಾರಿನ ಪಕ್ಕ ಹಿಡಿದು ನೋಡುತ್ತಾರೆ. ಅದನ್ನು ಶೆಡ್ಡಿನ ಟ್ಯೂಬ್‌ಲೈಟಿನ ಕೆಳಗೆ ನೋಡಿ ಮುಗಿಸುವುದಿಲ್ಲ, ಹೊರಗೆ ಹಗಲಿನ ಬೆಳಕಿಗೆ ತರುತ್ತಾರೆ. ದೀಪದಡಿ ಒಂದೇ ಆಗಿ ಕಂಡ ಎರಡು ಬಣ್ಣ ಬಿಸಿಲಿನಲ್ಲಿ ಬೇರೆಬೇರೆ ಕಾಣುವುದುಂಟು. ಆಮೇಲೆ ಬ್ಲೆಂಡಿಂಗ್. ಹೊಸ ಬೇಸ್ ಕೋಟನ್ನು ಗೀರಿನ ಜಾಗದಿಂದ ಆಚೆಗೆ ತೆಳುವಾಗಿಸುತ್ತ ಪಕ್ಕದ ಹಳೆ ಬಣ್ಣದೊಳಗೆ ಕರಗಿಸಿ, ಕ್ಲಿಯರನ್ನು ಇಡೀ ಪ್ಯಾನೆಲ್‌ಗೆ ಹೊಡೆಯುತ್ತಾರೆ. ಬಾಗಿಲಿಗೆ ನಾಲ್ಕು ಕಡೆ ಅಂಚಿದೆ, ಕ್ಲಿಯರ್ ಅಲ್ಲಿ ನಿಲ್ಲುತ್ತದೆ. ಹಿಂದಿನ ಕ್ವಾರ್ಟರ್ ಪ್ಯಾನೆಲ್ ಮಾತ್ರ ಕಂಬದ ಮೂಲಕ ಛಾವಣಿಗೆ ಬೆಸೆದುಕೊಂಡಿರುತ್ತದೆ. ಅಲ್ಲಿ ಕ್ಲಿಯರನ್ನು ಎಲ್ಲಿ ನಿಲ್ಲಿಸಿದರೂ ಮುಂದೊಂದು ದಿನ ಅಂಚು ಸುಲಿಯುವ ಅಪಾಯವಿದೆ. ಬೀಗದ ಕೈ ಹಿಡಿದವನ ಎರಡು ಹೆಜ್ಜೆ ಹೆಚ್ಚಾಗಿ ಗೀರು ಆ ಪ್ಯಾನೆಲ್ ತಲುಪಿತೆಂದರೆ ಕೆಲಸದ ಕಷ್ಟ ಎಷ್ಟೋ ಪಟ್ಟು ಏರುತ್ತದೆ. ಅಲ್ಲಿ ಗೀರು ಕ್ಲಿಯರ್‌ನೊಳಗೇ ಇದ್ದರೆ ನೂರಕ್ಕೆ ಎಂಬತ್ತರಷ್ಟು ಹೋಗುವ ರಬ್ಬಿಂಗ್‌ನಲ್ಲೇ ತೃಪ್ತರಾಗಿ ಎಂಬುದು ನನ್ನ ಮಾತು.

ಎಲ್ಲ ಕಿಡಿಗೇಡಿತನವೂ ಗೀರಿನದಲ್ಲ. ಸ್ಪ್ರೇ ಪೇಂಟ್ ಎರಚಿದ್ದರೆ, ಅದು ಹಸಿಯಿರುವಾಗಲೇ ಕಂಡರೆ, ಕಾರಿನ ಬಣ್ಣ ಉಳಿಸುವುದು ಕಷ್ಟವಲ್ಲ. ಒಣಗಿದ ಮೇಲೂ ಕ್ಲೇ ಬಾರ್ ಎಂಬ ಜೇಡಿಯಂಥ ಉಂಡೆಯಿಂದ ನೊರೆನೀರು ಹಾಕಿ ಉಜ್ಜಿದರೆ ಬಹಳಷ್ಟು ಎದ್ದು ಬರುತ್ತದೆ. ಥಿನ್ನರ್ ಸುರಿಯಬೇಡಿ. ಹೆಡ್‌ಲೈಟಿನ ಪ್ಲಾಸ್ಟಿಕ್ ಬಿರಿಯುತ್ತದೆ, ಒಮ್ಮೆ ಟಚ್-ಅಪ್ ಆದ ಭಾಗವಿದ್ದರೆ ಅದೂ ಕರಗುತ್ತದೆ. ಮೊಟ್ಟೆ ಎಸೆದಿದ್ದರೆ ಬಿಸಿನೀರು ಬೇಡ, ಮೊಟ್ಟೆ ಬೆಂದು ಅಂಟಿಕೊಳ್ಳುತ್ತದೆ. ತಣ್ಣೀರಿನಿಂದ ಮೊದಲು ಚಿಪ್ಪಿನ ಚೂರುಗಳನ್ನು ಹರಿಸಿಬಿಡಿ. ಬ್ರೇಕ್ ಆಯಿಲ್ ಬಿದ್ದಿದ್ದರೆ ಒರೆಸಲೇಬೇಡಿ, ಮೆತ್ತಗಾದ ಬಣ್ಣ ಬಟ್ಟೆಯ ಜೊತೆ ಬಂದುಬಿಡುತ್ತದೆ. ಅದು ನೀರಿನಲ್ಲಿ ಕರಗುವ ದ್ರವ, ಪೈಪು ಹಿಡಿದು ಧಾರಾಳ ನೀರು ಬಿಡಿ.

ಇನ್ನು ದುಡ್ಡಿನ ಮಾತು. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಗೀರಿನ ಖರ್ಚು ಪೂರ್ತಿ ನಿಮ್ಮದೇ. ಸಮಗ್ರ ವಿಮೆಯ ಸ್ವಂತ ಹಾನಿ ಭಾಗದಲ್ಲಿ ಗಲಭೆ, ಮುಷ್ಕರ, ದುರುದ್ದೇಶದ ಕೃತ್ಯ ಎಲ್ಲವೂ ಸೇರಿವೆ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಭೆಯಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಾಹನಗಳು ಕಲ್ಲಿಗೂ ಬೆಂಕಿಗೂ ತುತ್ತಾದಂಥ ಸಂದರ್ಭಕ್ಕೂ, ಪಕ್ಕದ ಮನೆಯವರ ಬೀಗದ ಕೈಗೂ ಅದೇ ಪಾಲಿಸಿ ಅನ್ವಯಿಸುತ್ತದೆ. ಆದರೆ ಅನ್ವಯಿಸುತ್ತದೆಂದು ಕ್ಲೈಮ್ ಮಾಡುವುದು ಯಾವಾಗಲೂ ಲಾಭವಲ್ಲ. ಬಿಲ್ಲು 16,000 ರೂಪಾಯಿ ಎಂದಿಟ್ಟುಕೊಳ್ಳಿ. ರೂಢಿಯ ಪಾಲಿಸಿಯಲ್ಲಿ ಪೇಂಟಿಂಗ್ ಬಿಲ್ಲಿನ ಶೇ 25ರಷ್ಟನ್ನು ಸಾಮಗ್ರಿಯ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಸವಕಳಿ ಕಳೆಯುತ್ತಾರೆ, ಅದು 2,000. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಮಾಲೀಕರೇ ಭರಿಸಬೇಕಾದದ್ದು 1,000. ಉಳಿದ 13,000 ಕೈಗೆ ಬರುತ್ತದೆ. ಈಗ ನೋ ಕ್ಲೈಮ್ ಬೋನಸ್ ನೋಡಿ. ಸ್ವಂತ ಹಾನಿಯ ಪ್ರೀಮಿಯಂ 9,000 ಇದ್ದು, ನೀವು ಶೇ 50ರ ರಿಯಾಯಿತಿಯಲ್ಲಿ 4,500 ಕಟ್ಟುತ್ತಿದ್ದರೆ, ಕ್ಲೈಮ್ ಆದ ಮೇಲೆ ರಿಯಾಯಿತಿ ಸೊನ್ನೆಗೆ ಇಳಿಯುತ್ತದೆ. ಮತ್ತೆ 20, 25, 35, 45 ಎಂದು ಹತ್ತಿ 50 ತಲುಪುವ ಹೊತ್ತಿಗೆ, ಪ್ರೀಮಿಯಂ ಅಷ್ಟೇ ಇದೆ ಎಂದುಕೊಂಡರೆ, ಒಟ್ಟು 11,250 ಹೆಚ್ಚು ಕಟ್ಟಿರುತ್ತೀರಿ. ಕಾರಿನ ಬೆಲೆ ಇಳಿದಂತೆ ಈ ಮೊತ್ತ ಸ್ವಲ್ಪ ತಗ್ಗಬಹುದು. ಸವಕಳಿ ಕಳೆಯದ ಪಾಲಿಸಿ, ಬೋನಸ್ ಕಾಯುವ ಪಾಲಿಸಿ ಇದ್ದವರ ಲೆಕ್ಕ ಬೇರೆ. ಎರಡೂ ಇಲ್ಲದವರು ಒಂದೆರಡು ಪ್ಯಾನೆಲ್‌ಗೆ ಕ್ಲೈಮ್ ಮಾಡುವ ಮುನ್ನ ಕಾಗದದ ಮೇಲೆ ಈ ಲೆಕ್ಕ ಹಾಕಲೇಬೇಕು.

ಕ್ಲೈಮ್ ಮಾಡುವುದಾದರೆ ಸರ್ವೇಯರ್ ನೋಡುವ ಮೊದಲು ರಿಪೇರಿಗೆ ಕೈ ಹಚ್ಚಬೇಡಿ. ಫೋಟೊ ತೆಗೆಯಿರಿ, ಎದುರುಮನೆಯ ಸಿಸಿಟಿವಿಯ ದೃಶ್ಯವನ್ನು ಅಂದೇ ಕೇಳಿ ಪಡೆಯಿರಿ. ತಡವಾದರೆ ಹಳೆಯದರ ಮೇಲೆ ಹೊಸದು ಮುದ್ರಣವಾಗಿ ಸಾಕ್ಷಿ ಅಳಿಸಿಹೋಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಪ್ರಕಾರ ಆಸ್ತಿಗೆ ಕೇಡು ಮಾಡುವುದಕ್ಕೆ ಆರು ತಿಂಗಳವರೆಗೆ, ಹಾನಿ 20,000 ರೂಪಾಯಿ ಮುಟ್ಟಿದರೆ ಎರಡು ವರ್ಷದವರೆಗೆ, ಒಂದು ಲಕ್ಷ ಮುಟ್ಟಿದರೆ ಐದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಸಣ್ಣ ಮೊತ್ತದ ಪ್ರಕರಣದಲ್ಲಿ ಠಾಣೆಯವರು ಸಾಮಾನ್ಯವಾಗಿ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಕೊಡುತ್ತಾರೆ. ಆದ್ದರಿಂದ ದೂರಿನಲ್ಲಿ ಗ್ಯಾರೇಜಿನ ಅಂದಾಜು ಮೊತ್ತವನ್ನು ಲಿಖಿತವಾಗಿ ಲಗತ್ತಿಸುವುದು ಮುಖ್ಯ.

ಈ ಎಲ್ಲ ಲೆಕ್ಕದ ಆಚೆ ಒಬ್ಬ ಮನುಷ್ಯ ಇದ್ದಾನೆ, ಗನ್ ಹಿಡಿದ ಪೇಂಟರ್. ದುರಸ್ತಿಯ ಕ್ಲಿಯರನ್ನು ಗಟ್ಟಿ ಮಾಡುವ ಹಾರ್ಡ್ನರ್‌ನಲ್ಲಿ ಐಸೊಸಯನೇಟ್‌ಗಳಿರುತ್ತವೆ. 1984ರಲ್ಲಿ ಭೋಪಾಲದಲ್ಲಿ ಸೋರಿದ ಅನಿಲ ಅದೇ ರಾಸಾಯನಿಕ ಕುಲದ್ದು. ಗನ್ನಿನಲ್ಲಿರುವುದು ಅದಲ್ಲ, ಅಷ್ಟು ಉಗ್ರವೂ ಅಲ್ಲ. ಆದರೆ ಅದರ ಮಂಜು ಉಸಿರಿಗೆ ಹೋಗುತ್ತಿದ್ದರೆ ಕೆಲಸಗಾರನಿಗೆ ಅಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ತಿರುಗಿಬಿದ್ದರೆ ಆಮೇಲೆ ಲೇಶಮಾತ್ರ ತಾಗಿದರೂ ಉಸಿರು ಕಟ್ಟುತ್ತದೆ, ಕಸುಬನ್ನೇ ಬಿಡಬೇಕಾಗುತ್ತದೆ. ಮುಖಕ್ಕೆ ಕಟ್ಟಿದ ಕರ್ಚೀಫಾಗಲಿ ಕೋವಿಡ್ ಕಾಲದ ಬಟ್ಟೆಯ ಮಾಸ್ಕಾಗಲಿ ಇದನ್ನು ತಡೆಯುವುದಿಲ್ಲ. ಬೇಕಿರುವುದು ಹೊರಗಿನ ಶುದ್ಧ ಗಾಳಿಯನ್ನು ಪೈಪಿನಿಂದ ಕೊಡುವ ಮುಖಕವಚ. ಗಾಳಿ ಹೊರಹಾಕುವ ಬೂತ್ ಇಲ್ಲದೆ, ಮರದಡಿಯಲ್ಲಿ, ಮೂಗಿಗೆ ಕರವಸ್ತ್ರ ಸುತ್ತಿಕೊಂಡು ಹೊಡೆದ ಅಗ್ಗದ ಪೇಂಟಿಂಗ್‌ನ ಉಳಿದ ಬೆಲೆಯನ್ನು ಆ ಪೇಂಟರ್ ತನ್ನ ಎದೆಯಿಂದ ತೆರುತ್ತಾನೆ.

ಆದ್ದರಿಂದ ಕಾರು ಬಿಡುವ ದಿನ ಗ್ಯಾರೇಜಿನಲ್ಲಿ ಮೂರು ಮಾತು ಕೇಳಿ. ರಬ್ಬಿಂಗ್‌ನಲ್ಲೇ ಹೋಗುವ ಭಾಗ ಯಾವುದು, ಉಕ್ಕು ಕಂಡಲ್ಲಿ ಎಪಾಕ್ಸಿ ಪ್ರೈಮರ್ ಹಾಕುತ್ತೀರಾ, ಕ್ಲಿಯರ್ ಹೊಡೆಯುವವರಿಗೆ ಗಾಳಿಯ ಪೈಪಿನ ಮಾಸ್ಕ್ ಇದೆಯೇ. ಮೂರನೆಯದಕ್ಕೆ ಇಲ್ಲವೆಂಬ ಉತ್ತರ ಬಂದರೆ, ದರ ಎಷ್ಟೇ ಕಡಿಮೆಯಿದ್ದರೂ, ದಯವಿಟ್ಟು ಬೇರೆ ಗ್ಯಾರೇಜು ನೋಡಿ.